ಶರಣಾಗತಿಯ ಮರುದಿನ: ಬೀದರಿನ 1948 ಮತ್ತು ಕುಲ್‌ಮನ್ನರ ಯುದ್ಧರೂಪಕ

ಹೊಸ ಒಡಂಬಡಿಕೆಯ ಅಂತ್ಯಕಾಲಶಾಸ್ತ್ರವನ್ನು ಬೋಧಿಸುವಾಗ ಓಸ್ಕರ್ ಕುಲ್‌ಮನ್ನರ ಯುದ್ಧರೂಪಕವನ್ನು ಬಳಸದ ಉಪನ್ಯಾಸಕರು ವಿರಳ. ಒಂದು ಯುದ್ಧದಲ್ಲಿ ನಿರ್ಣಾಯಕ ಕಾಳಗವು ಎಷ್ಟೋ ಮೊದಲೇ ನಡೆದುಹೋಗಿರಬಹುದು. ಆದರೂ ವಿಜಯದ ದಿನವು ಬರುವ ತನಕ ಹೋರಾಟ ಮುಂದುವರಿಯುತ್ತದೆ. ಹಾಗೆಯೇ ಶಿಲುಬೆ ಮತ್ತು ಪುನರುತ್ಥಾನಗಳಲ್ಲಿ ನಿರ್ಣಾಯಕ ಜಯವು ಆಗಿಹೋಗಿದೆ, ಅದರ ಸಂಪೂರ್ಣ ಪ್ರಕಟಣೆಯನ್ನು ಸಭೆಯು ಇನ್ನೂ ಎದುರುನೋಡುತ್ತಿದೆ. ‘ಈಗಾಗಲೇ’ ಮತ್ತು ‘ಇನ್ನೂ ಇಲ್ಲ’ ಎಂಬ ಎರಡು ನುಡಿಗಳ ನಡುವೆ ಕ್ರೈಸ್ತ ಜೀವನವನ್ನು ಇರಿಸುವ ಈ ವಿವರಣೆಯು ನಮ್ಮ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಅದು ಹುಟ್ಟಿದ ನೆಲದ ಬಿಸಿಯನ್ನು ನಾವು ಬಹುತೇಕ ಮರೆತಿದ್ದೇವೆ.

ಕುಲ್‌ಮನ್ ಸ್ಟ್ರಾಸ್‌ಬರ್ಗಿನಲ್ಲಿ ಹುಟ್ಟಿದವರು, ಗಡಿನಾಡಾದ ಆಲ್ಸೇಸಿನವರು. ಯುದ್ಧಕಾಲದಲ್ಲಿ ಅವರು ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದರು. ‘ಕ್ರಿಸ್ತನು ಮತ್ತು ಕಾಲ’ ಎಂಬ ಅವರ ಗ್ರಂಥವು 1946ರಲ್ಲಿ ಹೊರಬಂದಾಗ ಯೂರೋಪಿನ ಓದುಗರಿಗೆ ಆ ರೂಪಕವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. 1944ರ ಜೂನ್ 6ರಂದು ಮಿತ್ರಪಡೆಗಳು ನಾರ್ಮಂಡಿಯ ತೀರದಲ್ಲಿ ಇಳಿದದ್ದನ್ನೂ, 1945ರ ಮೇ 7ರಂದು ರ‍್ಹೇಂಸ್ ನಗರದಲ್ಲಿ ಜರ್ಮನ್ ಸೇನೆಯ ಶರಣಾಗತಿಗೆ ಸಹಿ ಬಿದ್ದದ್ದನ್ನೂ ಅವರು ಕಂಡಿದ್ದರು. ನಡುವಿನ ಹನ್ನೊಂದು ತಿಂಗಳುಗಳಲ್ಲಿ ಸತ್ತವರನ್ನು ಹೂಳಿದ್ದರು. ಪೂರ್ವದಲ್ಲಿ ಜಪಾನಿನ ಚಕ್ರವರ್ತಿಯು ಆಗಸ್ಟ್ 15ರಂದು ರೇಡಿಯೋದಲ್ಲಿ ಯುದ್ಧದ ಅಂತ್ಯವನ್ನು ಸಾರಿದನು. ಶರಣಾಗತಿಯ ಪತ್ರಕ್ಕೆ ಸಹಿಯಾದದ್ದು ಸೆಪ್ಟೆಂಬರ್ 2ರಂದು. ಆ ಸುದ್ದಿಯನ್ನು ನಂಬದ ಹಿರೂ ಒನೋಡ ಎಂಬ ಜಪಾನೀ ಅಧಿಕಾರಿಯು ಫಿಲಿಪೀನ್ಸಿನ ಕಾಡಿನಲ್ಲಿ 1974ರ ವರೆಗೂ ತನ್ನ ಕೋವಿಯನ್ನು ಹಿಡಿದೇ ಇದ್ದನು. ಮುಗಿದ ಯುದ್ಧವನ್ನು ಹೋರಾಡುತ್ತಿರುವ ಪಾಪಶಕ್ತಿಗಳ ಕುರಿತು ಪ್ರಸಂಗ ಮಾಡುವವರಿಗೆ ಅವನು ಒಳ್ಳೆಯ ದೃಷ್ಟಾಂತವಾಗಿ ಒದಗಿದ್ದಾನೆ.

ಆದರೆ ಬೀದರ್, ಭಾಲ್ಕಿ, ಔರಾದ್ ಭಾಗದ ಸಭೆಗಳಲ್ಲಿ ಸೇವೆಮಾಡುವ ಬೋಧಕರು ಇದಕ್ಕಾಗಿ ನಾರ್ಮಂಡಿಗೆ ಹೋಗಬೇಕಾಗಿಲ್ಲ. ಎರಡು ದಿನಗಳ ನಡುವೆ ಸಿಕ್ಕಿಕೊಂಡು ಬದುಕುವುದೆಂದರೇನೆಂಬುದನ್ನು ಅವರ ಸಭಿಕರ ಹಿರಿಯರು ಬಲ್ಲವರಾಗಿದ್ದರು. ದೆಹಲಿಯಲ್ಲಿ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯವು ಘೋಷಿತವಾಯಿತು. ಬೀದರಿಗೆ ಅದು ತಲುಪಿದ್ದು 1948ರ ಸೆಪ್ಟೆಂಬರ್ 17ರಂದು. ನಡುವಿನ ಹದಿಮೂರು ತಿಂಗಳುಗಳಿಗೆ ಊರವರು ಇಟ್ಟ ಹೆಸರು ‘ರಜಾಕಾರರ ಹಾವಳಿ’. ಈ ಲೇಖನದ ಉದ್ದೇಶವು ಕುಲ್‌ಮನ್ನರ ರೂಪಕವನ್ನು ಈ ನೆಲದ ಮೇಲೆ ನಿಲ್ಲಿಸಿ ನೋಡುವುದು. ಅದು ನಿಲ್ಲುತ್ತದೆ, ಆದರೆ ಒಂದು ಕಡೆ ವಾಲುತ್ತದೆ. ಆ ವಾಲುವಿಕೆಯೇ ನಮಗೆ ಹೆಚ್ಚಿನದನ್ನು ಕಲಿಸಬಹುದೆಂದು ನನ್ನ ಅಭಿಪ್ರಾಯ.

ಚರಿತ್ರೆಯನ್ನು ಸ್ವಲ್ಪ ವಿವರವಾಗಿಯೇ ನೆನೆಯೋಣ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಬ್ರಿಟಿಷರ ‘ನಂಬಿಕೆಯ ಮಿತ್ರ’ರೆಂಬ ಬಿರುದನ್ನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವರಿಗೆ ಒದಗಿಸಿದ ನೆರವಿನಿಂದ ಪಡೆದವರು. ಎರಡನೆಯ ಯುದ್ಧದಲ್ಲಿಯೂ ಅವರ ಪಡೆಗಳು ಬ್ರಿಟಿಷರ ಜೊತೆಗಿದ್ದವು. 1941ರ ಡಿಸೆಂಬರಿನಲ್ಲಿ ಜಪಾನೀಯರು ಮಲಯದ ಕೋಟಾ ಭಾರುವಿನಲ್ಲಿ ಇಳಿದಾಗ ಅಲ್ಲಿಯ ವಿಮಾನ ನಿಲ್ದಾಣವನ್ನು ಕಾಯುತ್ತಿದ್ದವರಲ್ಲಿ ಹೈದರಾಬಾದ್ ಸಂಸ್ಥಾನದ ಪದಾತಿ ದಳವೂ ಒಂದು. ಬ್ರಿಟಿಷರು ಹೊರಟುನಿಂತಾಗ ನಿಜಾಮರು ಭಾರತವನ್ನಾಗಲಿ ಪಾಕಿಸ್ತಾನವನ್ನಾಗಲಿ ಸೇರದೆ ಉಳಿಯಬಯಸಿದರು. 1947ರ ನವೆಂಬರ್ 29ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಅದು ಶಾಂತಿಯನ್ನು ತರಲಿಲ್ಲ. ಲಾತೂರಿನಲ್ಲಿ ವಕೀಲನಾಗಿದ್ದ ಕಾಸಿಂ ರಜ್ವಿಯ ನಾಯಕತ್ವದಲ್ಲಿ ರಜಾಕಾರರೆಂಬ ಶಸ್ತ್ರಧಾರಿ ಸ್ವಯಂಸೇವಕರು ಹಳ್ಳಿಹಳ್ಳಿಗಳಲ್ಲಿ ಬಲಗೊಂಡರು. ಲಾತೂರು ಔರಾದಿಗೂ ಭಾಲ್ಕಿಗೂ ನೆರೆಯ ಸೀಮೆಯೆಂಬುದನ್ನು ಗಮನಿಸಬೇಕು. ಈ ಭಾಗದವರಿಗೆ ರಜ್ವಿಯು ದೂರದ ರಾಜಧಾನಿಯ ಹೆಸರಾಗಿರಲಿಲ್ಲ. ಇತ್ತ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕನು ಕರಾಚಿಯಿಂದ ರಾತ್ರೋರಾತ್ರಿ ಶಸ್ತ್ರಾಸ್ತ್ರಗಳನ್ನು ಸಂಸ್ಥಾನದೊಳಕ್ಕೆ ಸಾಗಿಸುತ್ತಿದ್ದನು. ಅವನು ಬಳಸಿದ ಲಂಕಾಸ್ಟ್ರಿಯನ್ ವಿಮಾನಗಳು ಜರ್ಮನಿಯ ನಗರಗಳ ಮೇಲೆ ಬಾಂಬು ಸುರಿದ ಲಂಕಾಸ್ಟರಿನದೇ ಸಂತತಿ. ಮಹಾಯುದ್ಧವು ಮುಗಿದಿತ್ತು, ಅದರ ಸಾಮಾನುಗಳಿಗೆ ಇನ್ನೂ ಕೆಲಸವಿತ್ತು.

1948ರ ಮೇ ತಿಂಗಳಿನಲ್ಲಿ ಬಸವಕಲ್ಯಾಣದ ಸೀಮೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವು ಬೀದರ್ ಜಿಲ್ಲೆಯ ಸ್ಮೃತಿಯಲ್ಲಿ ಮಾಗದ ಗಾಯವಾಗಿದೆ. ಸುಮಾರು 200 ಮಂದಿ ಹತರಾದರೆಂದು ಸ್ಥಳೀಯ ಚರಿತ್ರೆಯು ಹೇಳುತ್ತದೆ. ಅನೇಕ ಕುಟುಂಬಗಳು ಮನೆಮಠಗಳನ್ನು ಬಿಟ್ಟು ಗಡಿ ದಾಟಿ ಸೊಲ್ಲಾಪುರದ ಕಡೆಗೆ ಹೋದವು. ನಾಲಿಗೆಗೂ ಬಂಧನವಿತ್ತು. ಉರ್ದು ರಾಜ್ಯಭಾಷೆಯಾಗಿದ್ದ ಆ ದಿನಗಳಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಆಗ ಔರಾದ್ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿಯೂ ಶಾಲೆಯನ್ನು ನಡೆಸಿದರು. ಇಂದು ನಾವು ಬೀದರಿನ ಸಭೆಗಳಲ್ಲಿ ಕನ್ನಡ ಸತ್ಯವೇದವನ್ನು ತೆರೆದು ಓದುವಾಗ, ಆ ಅಕ್ಷರಗಳನ್ನು ಈ ಸೀಮೆಯಲ್ಲಿ ಉಳಿಸಿದವರಲ್ಲಿ ಒಬ್ಬ ಲಿಂಗಾಯತ ಸ್ವಾಮಿಗಳೂ ಇದ್ದರೆಂಬುದನ್ನು ಕೃತಜ್ಞತೆಯಿಂದ ನೆನೆಯುವುದು ಯುಕ್ತ.

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆಯು ಸಂಸ್ಥಾನವನ್ನು ಪ್ರವೇಶಿಸಿತು. ಪಶ್ಚಿಮದಿಂದ, ಸೊಲ್ಲಾಪುರದ ದಾರಿಯಾಗಿ, ಬಂದ ಮುಖ್ಯ ಪಡೆಯ ದಂಡನಾಯಕರು ಮೇಜರ್ ಜನರಲ್ ಜೆ. ಎನ್. ಚೌಧುರಿ, ಮೂರು ವರ್ಷಗಳ ಹಿಂದೆ ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿದವರು. 17ರ ಬೆಳಗಿನ ಜಾವ ಸೇನೆಯು ಬೀದರನ್ನು ಸೇರಿತು. ಅಂದು ಸಂಜೆ 5 ಗಂಟೆಗೆ ಕದನವಿರಾಮವು ಜಾರಿಗೆ ಬಂದಿತು. ನಿಜಾಮರು ರೇಡಿಯೋದಲ್ಲಿ ಮಾತನಾಡಿದರು. ಮರುದಿನ ಹೈದರಾಬಾದಿನ ಹೊರವಲಯದಲ್ಲಿ ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ ಅವರು ಚೌಧುರಿಯವರಿಗೆ ಶರಣಾದರು. ಒಂದೇ ಸಾಮ್ರಾಜ್ಯದ ಸೇನಾ ಸಂಪ್ರದಾಯದಲ್ಲಿ ಪಳಗಿದ್ದ ಇಬ್ಬರು ಅಧಿಕಾರಿಗಳ ನಡುವೆ ಆ ವಿಧಿಯು ಸೌಜನ್ಯದಿಂದಲೇ ನಡೆಯಿತು. ನಿಜಾಮರಿಗೆ ಮಾನಹಾನಿಯಾಗಲಿಲ್ಲ, 1950ರ ಜನವರಿ 26ರಂದು ಅವರು ಹೈದರಾಬಾದ್ ರಾಜ್ಯದ ರಾಜಪ್ರಮುಖರಾದರು.

ಇಲ್ಲಿಗೆ ನಿಲ್ಲಿಸಿದರೆ ಕುಲ್‌ಮನ್ನರ ರೂಪಕವು ಅಚ್ಚುಕಟ್ಟಾಗಿ ಹೊಂದುತ್ತದೆ. ಒಂದು ‘ಈಗಾಗಲೇ’, ಹದಿಮೂರು ತಿಂಗಳ ನರಳಾಟ, ಕಡೆಗೆ ವಿಜಯದ ದಿನ. ಸೆಪ್ಟೆಂಬರ್ 17ರ ಧ್ವಜಾರೋಹಣದ ಭಾಷಣಗಳೂ ಬಹುತೇಕ ಇಲ್ಲಿಗೇ ನಿಲ್ಲುತ್ತವೆ. ಚರಿತ್ರೆಯು ನಿಲ್ಲಲಿಲ್ಲ.

ಶರಣಾಗತಿಯ ನಂತರದ ದಿನಗಳಲ್ಲಿ ಹಳ್ಳಿಗಳಲ್ಲಿ ಸೇಡಿನ ಕೊಲೆಗಳಾದವು. ರಜಾಕಾರನಾಗಿದ್ದವನೂ, ರಜಾಕಾರರಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದವನೂ ಒಂದೇ ಧರ್ಮದವರೆಂಬ ಕಾರಣಕ್ಕೆ ಒಂದೇ ಗತಿಯನ್ನು ಕಂಡರು. ಸುದ್ದಿಯು ದೆಹಲಿಯನ್ನು ತಲುಪಿದಾಗ ಪ್ರಧಾನಿ ನೆಹರೂ ಅವರ ಅಪೇಕ್ಷೆಯಂತೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ನಿಯೋಗವು 1948ರ ಕೊನೆಯಲ್ಲಿ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸಂಚರಿಸಿತು. ಪೊಲೀಸ್ ಕಾರ್ಯಾಚರಣೆಯ ಕಾಲದಲ್ಲಿ ಮತ್ತು ಅದರ ನಂತರ ಒಟ್ಟು 27,000ದಿಂದ 40,000 ಜನರು ಸತ್ತಿರಬೇಕೆಂಬುದು ನಿಯೋಗದ ಅಂದಾಜು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳೆಂದು ವರದಿಯು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ. ಈ ನಾಲ್ಕರಲ್ಲಿಯೇ 18,000ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಹತರಾದರೆಂದು ಅದು ಹೇಳಿತು. ಈ ಸಂಖ್ಯೆಗಳನ್ನು ಅಂದಿನ ಸರಕಾರವು ಒಪ್ಪಲಿಲ್ಲ; ವರದಿಯು ದಶಕಗಳ ಕಾಲ ಪ್ರಕಟವಾಗಲಿಲ್ಲ. ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು: ಅಂದಿನ ಬೀದರ್ ಜಿಲ್ಲೆಯು ಇಂದಿನದಲ್ಲ. ಉದಗೀರ, ನಿಲಂಗಾ, ಅಹಮದಪುರಗಳೂ ಆಗ ಅದರೊಳಗಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಅತ್ತ ಹೋದವು, ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಇತ್ತ ಬಂದವು. ಆದ್ದರಿಂದ ವರದಿಯ ಮಾತುಗಳನ್ನು ಈಗಿನ ಒಂದೊಂದು ತಾಲ್ಲೂಕಿನ ತಲೆಗೆ ಕಟ್ಟುವುದು ಸರಿಯಲ್ಲ. ಅವುಗಳಿಂದ ಕಣ್ಣು ತಪ್ಪಿಸಿಕೊಳ್ಳುವುದೂ ಸರಿಯಲ್ಲ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ, ಸಾವಿನ ಲೆಕ್ಕವನ್ನು ಉದ್ಧರಿಸುವವರು ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹಿಂದೂ ನೆರೆಯವರು ಮುಸಲ್ಮಾನರನ್ನು ಕಾಪಾಡಿದ ಪ್ರಸಂಗಗಳನ್ನು ನಿಯೋಗವು ದಾಖಲಿಸಿತು. ಒಂದೇ ಕಸುಬಿನವರ ನಡುವೆ ಈ ಬಾಂಧವ್ಯವು ಹೆಚ್ಚಾಗಿ ಕಂಡಿತೆಂದೂ, ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ರಕ್ಷಿಸಲು ಹೋಗಿ ತಾವೇ ಪ್ರಾಣ ತೆತ್ತರೆಂದೂ ಹೇಳಿತು. ಮಗ್ಗದ ಗೆಳೆತನವು ಶರಣಾಗತಿಯ ಪತ್ರಕ್ಕಿಂತ ಗಟ್ಟಿಯಾಗಿದ್ದ ಸ್ಥಳಗಳಿದ್ದವು.

ಈಗ ನಮ್ಮ ಎರಡು ಪದಗಳಿಗೆ ಬರೋಣ. ಸೆಪ್ಟೆಂಬರ್ 17ನ್ನು ಈ ಭಾಗದಲ್ಲಿ ಬಹುಕಾಲ ‘ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ’ವೆಂದು ಆಚರಿಸಲಾಗುತ್ತಿತ್ತು, 2019ರಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದ ಬಳಿಕ ಅದು ‘ಕಲ್ಯಾಣ ಕರ್ನಾಟಕ ಉತ್ಸವ’ವಾಯಿತು. ‘ವಿಮೋಚನೆ’ ನಮಗೆ ಅಪರಿಚಿತ ಪದವಲ್ಲ. ನಮ್ಮ ಸತ್ಯವೇದದ ಎರಡನೆಯ ಪುಸ್ತಕದ ಹೆಸರೇ ವಿಮೋಚನಕಾಂಡ. ಗ್ರೀಕ್ ಹೆಸರು ‘ಹೊರಡುವಿಕೆ’ ಎಂಬಷ್ಟೇ ಅರ್ಥ ಕೊಡುವಾಗ ಕನ್ನಡ ಭಾಷಾಂತರಕಾರರು ಬಿಡುಗಡೆಯನ್ನೇ ಶೀರ್ಷಿಕೆಯಲ್ಲಿ ಇಟ್ಟರು. ಹೀಗಾಗಿ ಬೀದರಿನ ಬೋಧಕನು ಆ ದಿನ ವೇದಿಕೆಗೆ ಏರಿದರೆ, ಫರೋಹ, ಕೆಂಪು ಸಮುದ್ರ, ಮಿರ್ಯಾಮಳ ದಮ್ಮಡಿ ಇವೆಲ್ಲ ತಾವಾಗಿಯೇ ನಾಲಿಗೆಗೆ ಬರುತ್ತವೆ. ನಾನೂ ಒಂದು ಕಾಲಕ್ಕೆ ಹಾಗೆ ಪ್ರಸಂಗ ಮಾಡಿದವನೇ. ಆದರೆ ಹೋಲಿಕೆಯನ್ನು ಕೊನೆಯ ತನಕ ಒಯ್ದರೆ ಅದು ಮುರಿಯುತ್ತದೆ. 1948ರಲ್ಲಿ ಸಿಂಹಾಸನದ ಮೇಲಿದ್ದವನು ಮುಳುಗಲಿಲ್ಲ. ಮುಳುಗಿದವರಲ್ಲಿ ಯಾರ ರಥವನ್ನೂ ಓಡಿಸದ ಹಳ್ಳಿಯವರು ಸಾವಿರಾರು ಮಂದಿ ಇದ್ದರು. ವಿಮೋಚನಕಾಂಡವು ಸಹ ಹದಿನೈದನೆಯ ಅಧ್ಯಾಯದ ಹಾಡಿನಲ್ಲಿ ಮುಗಿಯುವುದಿಲ್ಲ. ಪರದೇಶಿಯನ್ನು ಹಿಂಸಿಸಬಾರದು, ನೀವೂ ಪರದೇಶಿಗಳಾಗಿದ್ದಿರಿ ಎಂಬ ಇಪ್ಪತ್ತೆರಡನೆಯ ಅಧ್ಯಾಯದ ಆಜ್ಞೆಗೆ ಅದು ಜನರನ್ನು ನಡೆಸಿಕೊಂಡು ಹೋಗುತ್ತದೆ.

ಇನ್ನೊಂದು ಪದ ‘ಶರಣಾಗತಿ’. ಯೂರೋಪಿನ ಭಾಷೆಗಳಲ್ಲಿ ಸೇನೆಯೊಂದು ಶರಣಾಗುವುದೆಂದರೆ ತನ್ನನ್ನು ಒಪ್ಪಿಸಿಕೊಡುವುದು. ಮಾತಿನ ಭಾರವೆಲ್ಲ ಸೋತವನ ಮೇಲಿದೆ. ಕನ್ನಡದಲ್ಲಿ ಹಾಗಲ್ಲ. ಶರಣವೆಂದರೆ ಆಶ್ರಯ. ಶರಣಾಗತನೆಂದರೆ ಆಶ್ರಯಕ್ಕೆ ಬಂದವನು, ಮತ್ತು ಬಂದವನನ್ನು ಕಾಯುವುದು ಬರಮಾಡಿಕೊಂಡವನ ಧರ್ಮ. ಹನ್ನೆರಡನೆಯ ಶತಮಾನದ ಶರಣರು ನಡೆದಾಡಿದ, ಇಂದಿಗೂ ಜನರು ‘ಶರಣು’ ಎಂದು ಕೈಮುಗಿಯುವ ಈ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಈ ಪದದ ಬೆಳಕಿನಲ್ಲಿ ನೋಡಿದರೆ ಶರಣಾಗತಿಯು ಯುದ್ಧದ ಮುಕ್ತಾಯವಲ್ಲ. ಗೆದ್ದವನ ಮೇಲೆ ಆ ಕ್ಷಣದಿಂದ ಬೀಳುವ ಋಣ. 1948ರ ಸೆಪ್ಟೆಂಬರ್ 18ರಂದು ಆ ಋಣವು ಸೇನಾಧಿಕಾರಿಗಳ ನಡುವೆ ಸಂದಿತು. ಅನೇಕ ಹಳ್ಳಿಗಳಲ್ಲಿ ಸಲ್ಲಲಿಲ್ಲ.

ಇದಕ್ಕೆ ಹತ್ತಿರದ ವೇದಭಾಗವು ಕೆಂಪು ಸಮುದ್ರದ ದಡದಲ್ಲಿಲ್ಲ, ಎರಡನೆಯ ಪೂರ್ವಕಾಲವೃತ್ತಾಂತದ ಇಪ್ಪತ್ತೆಂಟನೆಯ ಅಧ್ಯಾಯದಲ್ಲಿದೆ. ಅರಸನಾದ ಪೆಕಹನ ಕಾಲದಲ್ಲಿ ಇಸ್ರಾಯೇಲಿನ ಸೇನೆಯು ಯೆಹೂದವನ್ನು ಸೋಲಿಸಿ, ಹೆಂಗಸರು ಮಕ್ಕಳು ಸೇರಿ 2,00,000 ಮಂದಿಯನ್ನು ಸೆರೆಹಿಡಿದು, ಕೊಳ್ಳೆಯೊಡನೆ ಸಮಾರ್ಯಕ್ಕೆ ತರುತ್ತದೆ. ಓದೇದನೆಂಬ ಪ್ರವಾದಿಯು ಆ ವಿಜಯೀ ಸೇನೆಯನ್ನು ಎದುರುಗೊಳ್ಳಲು ಹೊರಡುತ್ತಾನೆ. ಅವನ ವಾದವನ್ನು ಗಮನಿಸಬೇಕು: ಯೆಹೂದದವರು ನಿರಪರಾಧಿಗಳೆಂದು ಅವನು ಹೇಳುವುದಿಲ್ಲ. ಅವರ ಅಪರಾಧಕ್ಕಾಗಿಯೇ ಅವರು ನಿಮ್ಮ ಕೈಗೆ ಸಿಕ್ಕಿದರು, ಆದರೆ ನೀವು ಮಾಡಿದ ಸಂಹಾರವು ಆಕಾಶವನ್ನು ಮುಟ್ಟಿದೆ, ನಿಮ್ಮಲ್ಲಿಯೂ ಅಪರಾಧಗಳಿಲ್ಲವೋ ಎಂಬುದು ಅವನ ಮಾತಿನ ತಿರುಳು. ಗೋರ್ಟಾದ ದುಃಖವನ್ನು ಅಲ್ಲಗಳೆಯದೆ, ನಂತರದ ಸೇಡನ್ನು ಸಮರ್ಥಿಸದೆ ಮಾತನಾಡಬೇಕಾದ ಬೋಧಕನಿಗೆ ಇದಕ್ಕಿಂತ ಸಮೀಪದ ಮಾದರಿಯನ್ನು ನಾನು ಕಾಣೆ. ಎಫ್ರಾಯೀಮ್ಯರ ನಾಲ್ವರು ಮುಖಂಡರು ಪ್ರವಾದಿಯ ಪಕ್ಷವನ್ನು ಹಿಡಿಯುತ್ತಾರೆ. ಸೈನಿಕರು ಸೆರೆಯವರನ್ನು ಬಿಟ್ಟುಬಿಡುತ್ತಾರೆ. ಕೊಳ್ಳೆಯ ಬಟ್ಟೆಗಳನ್ನೇ ತೆಗೆದು ಬೆತ್ತಲೆಯಾದವರಿಗೆ ಉಡಿಸಿ, ಕೆರ ಮೆಡಿಸಿ, ಉಣಿಸಿ, ಎಣ್ಣೆ ಹಚ್ಚಿ, ನಡೆಯಲಾರದವರನ್ನು ಕತ್ತೆಗಳ ಮೇಲೆ ಕೂರಿಸಿ ಯೆರಿಕೋವಿನ ತನಕ ತಲುಪಿಸುತ್ತಾರೆ. ಎಣ್ಣೆ, ವಾಹನ, ಯೆರಿಕೋವಿನ ದಾರಿ, ಸಮಾರ್ಯದವರು: ಲೂಕ 10ರ ಸಾಮ್ಯಕ್ಕೆ ಇದು ಹಿನ್ನೆಲೆಯಾಗಿರಬಹುದೆಂದು ವ್ಯಾಖ್ಯಾನಕಾರರು ಗುರುತಿಸಿರುವುದರಲ್ಲಿ ಆಶ್ಚರ್ಯವಿಲ್ಲ. ಇದರ ವಿರುದ್ಧ ಚಿತ್ರವು ಓಬದ್ಯನಲ್ಲಿದೆ. ಸೋತ ಸಹೋದರನು ಓಡಿಹೋಗುವಾಗ ಕವಲುದಾರಿಯಲ್ಲಿ ನಿಂತು ಅವನನ್ನು ಕಡಿದವರ ಚಿತ್ರ.

ಕುಲ್‌ಮನ್ನರ ರೂಪಕವು ವಾಲುವುದು ಇಲ್ಲಿಯೇ. ವಿಜಯದ ದಿನವು ಬಂದರೆ ಸಾಕು, ಉಳಿದದ್ದು ಸರಿಯಾಗುತ್ತದೆ ಎಂಬ ಧ್ವನಿಯು ಅದರಲ್ಲಿ ಅಡಗಿದೆ. ಯೂರೋಪಿನಲ್ಲಿಯೂ ಹಾಗಾಗಲಿಲ್ಲ. 1945ರ ಅಕ್ಟೋಬರಿನಲ್ಲಿ ಜರ್ಮನಿಯ ಸುವಾರ್ತಾ ಸಭೆಯ ನಾಯಕರು ಸ್ಟುಟ್‌ಗಾರ್ಟಿನಲ್ಲಿ ತಮ್ಮ ಅಪರಾಧವನ್ನು ಬಹಿರಂಗವಾಗಿ ಒಪ್ಪಿಕೊಳ್ಳಬೇಕಾಯಿತು; ಆ ಒಪ್ಪಿಗೆಯು ಸಾಲದೆಂದು ಕೆಲವರು, ಅತಿಯಾಯಿತೆಂದು ಅನೇಕರು ಗೊಣಗಿದರು. ಮೇ 8 ತಮ್ಮ ಸೋಲಿನ ದಿನವೋ ಬಿಡುಗಡೆಯ ದಿನವೋ ಎಂಬ ವಾದವು ಅಲ್ಲಿ ನಾಲ್ಕು ದಶಕಗಳ ನಂತರವೂ ನಡೆದಿತ್ತು. ಹಾಗೆಂದು ರೂಪಕವನ್ನು ಎಸೆಯಬೇಕಾಗಿಲ್ಲ. ಜಯವು ಯಾರದು ಎಂಬುದನ್ನು ಅದಕ್ಕೆ ಸೇರಿಸಬೇಕು. ಕೊಲೊಸ್ಸೆಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಕ್ರಿಸ್ತನು ದೊರೆತನಗಳನ್ನೂ ಅಧಿಕಾರಗಳನ್ನೂ ನಿರಾಯುಧಗೊಳಿಸಿ ಮೆರವಣಿಗೆ ಮಾಡುತ್ತಾನೆ. ಆದರೆ ಹಿಂದಿನ ವಚನದಲ್ಲಿಯೇ ಶಿಲುಬೆಗೆ ಜಡಿಯಲ್ಪಟ್ಟದ್ದು ನಮ್ಮ ಮೇಲಿನ ಋಣಪತ್ರ. ಆಯುಧವನ್ನು ಕಳಚುವವನೂ ಸಾಲವನ್ನು ಅಳಿಸುವವನೂ ಒಬ್ಬನೇ. ತಾನೇ ಶತ್ರುಗಳ ಕೈಗೆ ಒಪ್ಪಿಸಲ್ಪಟ್ಟವನು ಈಗ ಶರಣಾದವರನ್ನು ಬರಮಾಡಿಕೊಳ್ಳುತ್ತಾನೆ. ವಿಜಯದ ದಿನವು ಬಂದಾಗ ಊರ ಗಲ್ಲಿಗಳಲ್ಲಿ ಏನಾಗುತ್ತದೆಂಬ ಭಯವು ಆ ಜಯದಲ್ಲಿ ಮಾತ್ರ ಇಲ್ಲ.

ನಮ್ಮದೇ ಜನರ ಪಾಲಿಗೆ ಆ ವಿಮೋಚನೆಯು ಏನನ್ನು ತಂದಿತು? ಬೀದರ್ ಸೀಮೆಯ ಮೆಥೋಡಿಸ್ಟ್ ಸಭೆಗಳ ಬಹುಪಾಲು ವಿಶ್ವಾಸಿಗಳು ಭೂಮಿಯಿಲ್ಲದ ದಲಿತ ಕೇರಿಗಳಿಂದ ಬಂದವರು. 1949ರಲ್ಲಿ ಜಹಗೀರುಗಳು ರದ್ದಾದವು; 1950ರಲ್ಲಿ ಗೇಣಿದಾರರಿಗಾಗಿ ಕಾನೂನು ಬಂದಿತು. ಅದೇ ವರ್ಷದ ಆಗಸ್ಟ್ 10ರಂದು ಹೊರಟ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಅದರೊಳಗೆ ಬಂದರು. ದಲಿತ ಕ್ರೈಸ್ತರು ಹೊರಗೇ ಇದ್ದಾರೆ. ಒಂದೇ ಕೇರಿಯಲ್ಲಿ, ಒಂದೇ ಬಾವಿಯ ಕಟ್ಟೆಯಿಂದ ದೂರವಿರಿಸಲ್ಪಟ್ಟ ಅಣ್ಣತಮ್ಮಂದಿರಲ್ಲಿ ದೀಕ್ಷಾಸ್ನಾನ ಹೊಂದಿದವನು ದಾಖಲೆಯಲ್ಲಿ ಬೇರೆಯವನಾದನು. ಸೆಪ್ಟೆಂಬರ್ 17ರಂದು ‘ಇನ್ನೂ ಇಲ್ಲ’ ಎಂಬುದನ್ನು ಅವನಿಗೆ ಯುದ್ಧರೂಪಕದಿಂದ ವಿವರಿಸಬೇಕಾಗಿಲ್ಲ.

ಹಾಗಾದರೆ ಆ ದಿನದ ಆರಾಧನೆಯು ಹೇಗಿರಬೇಕು? ಕೃತಜ್ಞತೆಯನ್ನು ಕೈಬಿಡಬಾರದು, ಹದಿಮೂರು ತಿಂಗಳ ಭಯವು ನಿಜವಾಗಿತ್ತು, ಅದು ತೀರಿದ್ದು ದೊಡ್ಡ ವರವೇ. ಮೊದಲನೆಯ ಪಾಠಕ್ಕೆ ಓದೇದನ ಪ್ರಸಂಗವನ್ನೂ, ಸುವಾರ್ತೆಗೆ ಲೂಕ 10ನ್ನೂ ಓದಬಹುದು. ಮಧ್ಯಸ್ಥಿಕೆಯ ಪ್ರಾರ್ಥನೆಯಲ್ಲಿ ಗೋರ್ಟಾದ ಮೃತರನ್ನು ಹೆಸರಿಟ್ಟು ನೆನೆಯಬೇಕು. ಅದೇ ಉಸಿರಿನಲ್ಲಿ, ಶರಣಾಗತಿಯ ನಂತರ ಸತ್ತ ನೆರೆಯವರನ್ನೂ, ಅವರನ್ನು ಕಾಯಲು ಹೋಗಿ ಸತ್ತ ನೇಕಾರರನ್ನೂ ನೆನೆಯಬೇಕು. ಎರಡನೆಯದನ್ನು ಹೇಳುವಾಗ ಸಭೆಯಲ್ಲಿ ಯಾರಾದರೂ ಕೆಮ್ಮಿಯಾರು, ಹಿರಿಯರೊಬ್ಬರು ಆರಾಧನೆ ಮುಗಿದ ಮೇಲೆ ಬೋಧಕರನ್ನು ಪಕ್ಕಕ್ಕೆ ಕರೆದು ಮಾತನಾಡಿಯಾರು. ಆ ಮಾತನ್ನು ಕುಳಿತು ಕೇಳಲು ಅಂದಿನ ಮಧ್ಯಾಹ್ನವನ್ನು ಬಿಡುವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.